ಸಿಎನ್‌ಸಿ ರೌಟರ್ ಫ್ರೇಮ್: ರೈಲು ಕೂರುವ ಪೈಪ್ ಕೊನೆಗೂ ನೆಟ್ಟಗಾಯಿತು

ಸಿಎನ್‌ಸಿ ರೌಟರ್ (ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರ) ಫ್ರೇಮಿನ ಕಟಿಂಗ್, ಟ್ಯಾಕ್ (ತಾತ್ಕಾಲಿಕ ಚುಕ್ಕೆ ವೆಲ್ಡ್), ಮೂಲೆಮಟ್ಟ ಎಲ್ಲ ಮುಗಿದಿದೆ, ಅದನ್ನು ಬರೆಯುವುದಿಲ್ಲ. ತಲೆ ತಿಂದದ್ದು ಒಂದೇ: ಲೀನಿಯರ್ ರೈಲಿಗಾಗಿ (ಯಂತ್ರದ ಭಾಗ ನೇರವಾಗಿ ಜಾರುವ ಹಳಿ) 50×50 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ಚೌಕ ಪೈಪಿನ ಮೇಲೆ ವೆಲ್ಡ್ ಮಾಡಿದ 40×6 ಪಟ್ಟಿ. ಕ್ಲ್ಯಾಂಪಿನಲ್ಲಿರುವ ತನಕ ನೆಟ್ಟಗೆ. ಬಿಚ್ಚಿದೊಡನೆ ಎರಡೂ ತುದಿ ಮೇಲೆದ್ದು, ಒಂದು ಮೀಟರ್ ಉದ್ದದಲ್ಲಿ ನಡುವೆ 1.8 ಮಿ.ಮೀ. ತಗ್ಗು.

ಮೈಲ್ಡ್ ಸ್ಟೀಲ್ ಡಿಗ್ರಿಗೆ, ಮೀಟರಿಗೆ 12 ಮೈಕ್ರಾನ್ ಹಿಗ್ಗುತ್ತದೆ. ಹಿಗ್ಗಲು ಬಿಡದೆ ಹಿಡಿದರೆ ಸುಮಾರು 100 ಡಿಗ್ರಿ ಏರುವಷ್ಟರಲ್ಲೇ ಯೀಲ್ಡ್, ಅಂದರೆ ಲೋಹ ಶಾಶ್ವತವಾಗಿ ಆಕಾರ ಬಿಡುವ ಒತ್ತಡ (250 ಎಂಪಿಎ, ಮೆಗಾಪ್ಯಾಸ್ಕಲ್), ಮುಟ್ಟಿಬಿಡುತ್ತದೆ. ವೆಲ್ಡ್ ಪಕ್ಕದ ಲೋಹವಂತೂ ಸಾವಿರ ಡಿಗ್ರಿ ದಾಟುತ್ತದೆ. ಸುತ್ತಲಿನ ತಣ್ಣನೆ ಲೋಹ ಜಾಗ ಕೊಡದ್ದರಿಂದ ಅದು ಅಮುಕಿಕೊಂಡು ಗಿಡ್ಡವಾಗುತ್ತದೆ. ಆರುವಾಗ ಇನ್ನಷ್ಟು ಕುಗ್ಗಬೇಕು, ಆಗಲೂ ಸುತ್ತಲಿನದು ಬಿಡದು. ವೆಲ್ಡ್ ಉದ್ದಕ್ಕೂ ಯೀಲ್ಡಿಗೆ ಸಮೀಪದ ಎಳೆತ ಉಳಿಯುವುದು ಹೀಗೆ. ಕ್ಲ್ಯಾಂಪ್ ಬಿಗಿಯಾದಷ್ಟೂ ಬಾಗು ಕಡಿಮೆ, ಒಳಗಿನ ಎಳೆತ ಜಾಸ್ತಿ. ಮಿಲ್ಲಿಂಗ್‌ನಲ್ಲಿ (ಯಂತ್ರದಿಂದ ಮೇಲ್ಮೈ ಕೆತ್ತಿ ಸಮ ಮಾಡುವಾಗ) ಅರ್ಧ ಮಿ.ಮೀ. ತೆಗೆದರೂ ಸಮತೋಲ ತಪ್ಪಿ ಮತ್ತೆ ಬಾಗುತ್ತದೆ.

ಅಂಗಡಿಯವರು 3 ಮಿ.ಮೀ. ಎಂದು ಕೊಟ್ಟ ಪೈಪ್ ವರ್ನಿಯರ್‌ನಲ್ಲಿ 2.6. ತೆಳುವಾದಷ್ಟೂ ಬಾಗು ಹೆಚ್ಚು, ದುಡ್ಡು ಮಾತ್ರ 3 ಮಿ.ಮೀ.ಯದ್ದೇ!

ಕೈಗೂಡಿದ್ದು ಇದು: 2.5 ಮಿ.ಮೀ. 6013 ರಾಡ್ (ವೆಲ್ಡಿಂಗ್ ಕಡ್ಡಿ), 75 ಆಂಪ್. ಉದ್ದ ಗೆರೆ ಎಳೆಯಲೇಬಾರದು. 100 ಮಿ.ಮೀ.ಗೊಂದರಂತೆ 25 ಮಿ.ಮೀ. ತುಂಡು ವೆಲ್ಡ್, ನಡುವಿನಿಂದ ತುದಿಗೆ, ಎಡಕ್ಕೊಂದು ಬಲಕ್ಕೊಂದು. ಹಿಂದಿನದು ಕೈಯಲ್ಲಿ ಮುಟ್ಟುವಷ್ಟು ಆರಿದ ಮೇಲೆ ಮುಂದಿನದು. ಬಾಗು 0.5ಕ್ಕೆ ಇಳಿಯಿತು. ಉಳಿದದ್ದಕ್ಕೆ ಪೈಪಿನ ಕೆಳಮೈಯಲ್ಲಿ ಗ್ಯಾಸ್ ಟಾರ್ಚಿನಿಂದ ಮಂಕು ಕೆಂಪು ಬರುವ ತನಕ ಚುಕ್ಕೆ ಚುಕ್ಕೆಯಾಗಿ ಕಾಯಿಸಿ ಆರಲು ಬಿಟ್ಟದ್ದು. ಇದು ಆಕಾರವನ್ನಷ್ಟೇ ಸರಿಮಾಡುತ್ತದೆ, ತನ್ನ ಪಾಲಿನ ಎಳೆತವನ್ನೂ ಸೇರಿಸುತ್ತದೆ. ಆದ್ದರಿಂದ ಎಳೆತ ಸಡಿಲಿಸಲು ಫರ್ನೇಸಿಗೆ (ಕುಲುಮೆ) ಹಾಕುವ ಮೊದಲೇ ಆಗಬೇಕು.

ಫರ್ನೇಸಿನಲ್ಲಿ 600 ಡಿಗ್ರಿ, ಒಂದು ಗಂಟೆ. 300ಕ್ಕೆ ಇಳಿಯುವ ತನಕ ಬಾಗಿಲು ತೆರೆಯಬಾರದು. ಆ ಬಿಸಿಯಲ್ಲಿ ಯೀಲ್ಡ್ ಕುಸಿದು ಎಳೆತ ಸಡಿಲಾಗುತ್ತದೆ. ಎರಡೂ ತುದಿ ಮುಚ್ಚಿದ ಪೈಪಾದರೆ 4 ಮಿ.ಮೀ. ತೂತು ಕೊರೆಯದೆ ಒಳಗಿಡಲೇಬೇಡಿ, ಒಳಗಿನ ಗಾಳಿಯ ಒತ್ತಡ ಸುಮಾರು ಮೂರು ಪಟ್ಟಾಗುತ್ತದೆ. ಹೀಟ್ ಟ್ರೀಟ್‌ಮೆಂಟಿನವರು ಒಂದೇ ಪೀಸ್ ಎಂದರೆ ಮುಖ ತಿರುಗಿಸುತ್ತಾರೆ. ಬೇರೆ ಲೋಡ್ ಜೊತೆ ಹಾಕಿಸಬಹುದು, ಆದರೆ ಡಿಗ್ರಿ ಕೇಳಿಕೊಳ್ಳಿ. ಹಾರ್ಡನಿಂಗ್ (ಲೋಹ ಗಟ್ಟಿಗೊಳಿಸುವ) ಲೋಡಿನ 850ರಲ್ಲಿ ಪೈಪ್ ತನ್ನ ಭಾರಕ್ಕೇ ಜೋತುಬೀಳಬಹುದು. ಮಿಲ್ಲಿಂಗ್ ಇದೆಲ್ಲದರ ನಂತರ.

ಮುಂದಿನದು ಮಿಗ್ ವೆಲ್ಡಿಂಗ್ (ಕಡ್ಡಿಯ ಬದಲು ತಂತಿ ತಾನೇ ಬರುವ ವೆಲ್ಡಿಂಗ್) ತಂತಿಯಿಂದ ಪದರ ಪದರವಾಗಿ ಕಟ್ಟುವ ಮೋಟರ್ ಬ್ರಾಕೆಟ್. ಅಲ್ಲಿ ಪ್ರತಿ ಪದರವೂ ಒಂದು ವೆಲ್ಡ್, ಅಡಿಪ್ಲೇಟಿನ ಅಂಚು ಏಳುವುದು ಖಚಿತ. 12 ಮಿ.ಮೀ. ಪ್ಲೇಟಿನ ಎರಡೂ ಮೈಗೆ ಒಂದೊಂದು ಬ್ರಾಕೆಟ್, ಪದರಕ್ಕೊಮ್ಮೆ ತಿರುವಿ ಹಾಕುವ ಯೋಚನೆಯಿದೆ. ಫರ್ನೇಸಿಗೆ ಹೋಗಿ ಬರುವ ತನಕ ಪ್ಲೇಟಿನಿಂದ ಕತ್ತರಿಸುವುದಿಲ್ಲ.