ವಾಲ್ವ್ ಕಾಯುವ ತನಕ ಕಾಯಬೇಕು

ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಮನೆಯ ಪಡಸಾಲೆಯಲ್ಲಿ, ಗೋಡೆಗೆ ಬಡಿದ ಹಲಗೆಯ ಮೇಲೆ, ತಂದೆಯವರು 1962ರಲ್ಲಿ ಕೊಂಡ ವಾಲ್ವ್ ರೇಡಿಯೋ ಇದೆ. ಮೂವತ್ತಕ್ಕೂ ಹೆಚ್ಚು ವರ್ಷ ಅದು ಮೂಕವಾಗಿತ್ತು. ಮೇಲೆ ಅವ್ವ ಹಾಕಿದ ಕಸೂತಿಯ ಬಟ್ಟೆ, ಬಟ್ಟೆಯ ಮೇಲೆ ತಂದೆಯವರ ಕನ್ನಡಕದ ಡಬ್ಬಿ. ಕಳೆದ ವರ್ಷ ಅದನ್ನು ರಿಪೇರಿ ಮಾಡಿಸಿದೆ. ಈಗ ಹಾಡುತ್ತದೆ, ಆದರೆ ಗುಂಡಿ ತಿರುಗಿಸಿದ ಕೂಡಲೇ ಅಲ್ಲ. ಮೊದಲು ಡಯಲಿನ ದೀಪ ಹತ್ತುತ್ತದೆ, ಆಮೇಲೆ ಅರ್ಧ ನಿಮಿಷದ ಹತ್ತಿರ ಏನೂ ಇಲ್ಲ, ಅನಂತರ ಎಲ್ಲಿಂದಲೋ ನಡೆದು ಬಂದಂತೆ ಧ್ವನಿ ಹತ್ತಿರವಾಗುತ್ತದೆ. ಬಿಸಿಯಾಗುವುದಕ್ಕೂ ಹಾದಿ ನೋಡುವುದಕ್ಕೂ ನಮ್ಮ ಭಾಷೆಯಲ್ಲಿ 'ಕಾಯುವುದು' ಎಂಬ ಒಂದೇ ಮಾತಿರುವುದು ಈ ಯಂತ್ರಕ್ಕೆಂದೇ ಮಾಡಿಟ್ಟಂತಿದೆ.

ಆ ಅರ್ಧ ನಿಮಿಷದಲ್ಲಿ ನಡೆಯುವುದಿಷ್ಟು. ವಾಲ್ವ್ ಎಂಬ, ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಸಣ್ಣ ತಂತಿಯೊಂದು 6.3 ವೋಲ್ಟಿನಲ್ಲಿ ಕಾದು ಕೆಂಪಗಾಗಿ, ತನ್ನನ್ನು ಸುತ್ತುವರಿದ ಕ್ಯಾಥೋಡ್ ಎಂಬ ಲೋಹದ ನಳಿಗೆಯನ್ನು ಬಿಸಿ ಮಾಡುತ್ತದೆ. ನಳಿಗೆಯ ಮೇಲೆ ಬಳಿದ ಬೇರಿಯಂ, ಸ್ಟ್ರಾನ್ಷಿಯಂ ಆಕ್ಸೈಡುಗಳಿಂದ ಎಲೆಕ್ಟ್ರಾನುಗಳು ಏಳುತ್ತವೆ. ಸುತ್ತಲಿರುವ ಪ್ಲೇಟಿಗೆ ಇನ್ನೂರು ವೋಲ್ಟಿಗೂ ಮಿಕ್ಕ ವಿದ್ಯುತ್ತು ಕೊಟ್ಟಿರುವುದರಿಂದ ಅವು ಅತ್ತ ಧಾವಿಸುತ್ತವೆ. ನಡುವೆ ಕೂದಲೆಳೆಯಂಥ ತಂತಿ ಸುತ್ತಿದ ಗ್ರಿಡ್ ಇರುತ್ತದೆ. ಅದರ ಮೇಲಿನ ವೋಲ್ಟೇಜು ಒಂದಿಷ್ಟು ಏರಿಳಿದರೆ ಸಾಕು, ಪ್ಲೇಟಿಗೆ ಹರಿಯುವ ಪ್ರವಾಹ ಬಹಳಷ್ಟು ಏರಿಳಿಯುತ್ತದೆ. ಕಾಲುವೆಯ ಬಾಯಿಗೆ ಅಡ್ಡ ಇಟ್ಟ ಹಲಗೆಯನ್ನು ಎರಡು ಬೆರಳಿನಿಂದ ಸರಿಸಿ ಇಡೀ ಹೊಲದ ನೀರನ್ನು ಆಳಿದ ಹಾಗೆ. ಜಾನ್ ಆಂಬ್ರೋಸ್ ಫ್ಲೆಮಿಂಗ್ 1904ರಲ್ಲಿ ಗ್ರಿಡ್ ಇಲ್ಲದ ವಾಲ್ವ್ ಮಾಡಿದರು, ಎರಡು ವರ್ಷದ ಬಳಿಕ ಲೀ ಡಿ ಫಾರೆಸ್ಟ್ ಗ್ರಿಡ್ ಸೇರಿಸಿದರು. ದುರ್ಬಲವಾದ ಸಂಕೇತವನ್ನು ದೊಡ್ಡದು ಮಾಡುವ ವಿದ್ಯೆ ಅಲ್ಲಿಂದ ಕೈಗೆ ಬಂತು.

ರಿಪೇರಿಗೆ ಹುಬ್ಬಳ್ಳಿಗೆ ಒಯ್ದಿದ್ದೆ. ದುರ್ಗದಬೈಲಿನ ಹತ್ತಿರದ ಓಣಿಯೊಂದರಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ಬರಿದ್ದಾರೆ. ವಾಲ್ವುಗಳೆಲ್ಲ ಸುಟ್ಟಿರಬೇಕು, ಅವು ಇನ್ನೆಲ್ಲಿ ಸಿಗಬೇಕು ಎಂಬ ನನ್ನ ಅಳುಕನ್ನು ಕೇಳಿ ಅವರು ನಕ್ಕುಬಿಟ್ಟರು. "ವಾಲ್ವ್ ಲಗೂನ ಸಾಯಂಗಿಲ್ರೀ ಸರ್, ಸಾಯೋದು ಕಂಡೆನ್ಸರ್" ಎಂದರು. ಕಂಡೆನ್ಸರ್ ಎಂದರೆ ನೇರ ವೋಲ್ಟೇಜನ್ನು ತಡೆದು, ಏರಿಳಿಯುವ ಸಂಕೇತವನ್ನು ಮಾತ್ರ ದಾಟಿಸುವ ಬಿಡಿಭಾಗ. ಅವರ ಮಾತು ಅಕ್ಷರಶಃ ನಿಜವಾಯಿತು. ನಮ್ಮ ಸೆಟ್ಟಿನ ಐದು ವಾಲ್ವುಗಳಲ್ಲಿ, ಎಂದರೆ ಇಸಿಎಚ್ 81, ಇಬಿಎಫ್ 89, ಇಸಿಎಲ್ 82, ಇಝಡ್ 80 ಮತ್ತು ಹಸಿರು ಕಣ್ಣಿನ ಇಎಂ 84, ಒಂದನ್ನೂ ಬದಲಿಸಬೇಕಾಗಲಿಲ್ಲ. ಮೇಣದ ಕಾಗದ ಸುತ್ತಿದ ಹಳೆಯ ಕಂಡೆನ್ಸರುಗಳು ಮಾತ್ರ ಒಂದೂ ಉಳಿದಿರಲಿಲ್ಲ. ಸ್ಪೀಕರನ್ನು ನುಡಿಸುವ ಇಸಿಎಲ್ 82ರ ಗ್ರಿಡ್ಡಿಗೆ ಧ್ವನಿಯನ್ನು ದಾಟಿಸುವ ಒಂದು ಕಂಡೆನ್ಸರ್ ಇದೆ; ಅದು ಸೋರಿದರೆ ಹಿಂದಿನ ಹಂತದ ವೋಲ್ಟೇಜು ಗ್ರಿಡ್ಡಿನ ಮೇಲೆ ಬಂದು ಕೂಡುತ್ತದೆ, ಪ್ರವಾಹ ಕೈಮೀರುತ್ತದೆ, ಪ್ಲೇಟು ಕೆಂಡದಂತಾಗಿ ಕೊನೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಅಟ್ಟದ ಮೇಲಿನ ರೇಡಿಯೋವನ್ನು ಇಳಿಸಿ, ಧೂಳು ಒರೆಸಿ, ನೇರವಾಗಿ ಪ್ಲಗ್ಗಿಗೆ ಸಿಕ್ಕಿಸುವವರು ಕಳೆದುಕೊಳ್ಳುವುದು ಇದನ್ನೇ. ಆ ಮೆಕ್ಯಾನಿಕ್ ಮೊದಲು ಸೀರೀಸ್ ಬೋರ್ಡಿಗೆ ಹಚ್ಚಿದರು. ಸೆಟ್ಟಿನೊಳಗೆ ಶಾರ್ಟ್ ಇದ್ದರೆ ಸಾಲಿನಲ್ಲಿರುವ 100 ವ್ಯಾಟಿನ ಬಲ್ಬು ಪ್ರಖರವಾಗಿ ಉರಿದು ಹೊಡೆತವನ್ನು ತಾನು ತಡೆದುಕೊಳ್ಳುತ್ತದೆ. ಎಲ್‌ಇಡಿ ಬಲ್ಬಿಗೆ ಈ ಕೆಲಸ ಬಾರದಾದ್ದರಿಂದ ಅವರು ಹಳೆಯ ತಂತಿಯ ಬಲ್ಬುಗಳನ್ನು ಹುಲ್ಲಿನಲ್ಲಿ ಸುತ್ತಿ, ತತ್ತಿಗಳಂತೆ ಜೋಪಾನ ಮಾಡಿದ್ದಾರೆ.

ಅವರು ಕೆಲಸ ಮಾಡುವಾಗ ಪಕ್ಕದಲ್ಲಿ ಕುಳಿತು ನಾನು ಕಲಿತದ್ದು ಕಣ್ಣಿನಿಂದ. ವಾಲ್ವಿನ ನೆತ್ತಿಯಲ್ಲಿ ಒಳಗಡೆ ಕನ್ನಡಿಯಂಥ ಬೆಳ್ಳಿಯ ಮಚ್ಚೆಯೊಂದು ಇರುತ್ತದೆ. ತಯಾರಿಸುವಾಗ ಒಳಗುಳಿದ ಅನಿಲವನ್ನು ಹೀರಿಕೊಳ್ಳಲೆಂದು ಆವಿಯಾಗಿಸಿದ ಬೇರಿಯಂ ಅದು. ಗಾಜು ಬಿರುಕುಬಿಟ್ಟು ಗಾಳಿ ಹೊಕ್ಕರೆ ಆ ಮಚ್ಚೆ ಹಾಲಿನಂತೆ ಬಿಳುಪಾಗುತ್ತದೆ. ಮೀಟರ್ ಬೇಕಿಲ್ಲ, ಆ ವಾಲ್ವ್ ಮುಗಿಯಿತು. ತಂತಿ ಕಾಯದಿದ್ದರೆ ಕೆಂಪು ಕಾಣುವುದಿಲ್ಲ. ಕೈಯಿಂದ ಕಿತ್ತು ಬೇರೊಂದನ್ನು ಕೂಡಿಸಬಹುದು. ನನ್ನ ಮೊಬೈಲಿನ ಚಿಪ್ಪು ಕೆಟ್ಟಾಗ ಅದು ಚೆನ್ನಾಗಿದ್ದಾಗಿನ ಹಾಗೆಯೇ ಕಪ್ಪಗೆ ಚಪ್ಪಟೆಯಾಗಿ ಕುಳಿತಿತ್ತು. ಈ ವಾಲ್ವುಗಳ ಮೋಹ ನನಗೆ ಹತ್ತಿದ್ದು ಅವು ಇಂಪಾಗಿ ನುಡಿಯುತ್ತವೆಂದಲ್ಲ, ತಮ್ಮ ಕೆಲಸವನ್ನೂ ತಮ್ಮ ಸಾವನ್ನೂ ಮುಚ್ಚಿಡುವುದಿಲ್ಲವೆಂದು.

ಇಂಪಿನ ಮಾತು ಬಂದದ್ದರಿಂದ ಒಂದು ಜಗಳವನ್ನು ಮೈಮೇಲೆ ಎಳೆದುಕೊಳ್ಳುತ್ತೇನೆ. ವಾಲ್ವ್ ರೇಡಿಯೋದ ಆ ದುಂಡಗಿನ, ಮೆತ್ತನೆಯ ಧ್ವನಿ ವಾಲ್ವಿನದೇ ಎಂದು ನಮ್ಮೂರಿನ ಸಂಗೀತಪ್ರಿಯರು ಆಣೆ ಇಟ್ಟು ಹೇಳುತ್ತಾರೆ. ನಾನೂ ಹಾಗೆಯೇ ನಂಬಿದ್ದೆ. ಆದರೆ ಸೆಟ್ಟಿನ ಹಿಂಬದಿಯಲ್ಲಿ ಗ್ರಾಮಫೋನಿಗೆಂದು ಬಿಟ್ಟ ಎರಡು ತೂತುಗಳಿವೆ; ಅಲ್ಲಿ ಕೊಟ್ಟ ಧ್ವನಿ ನಿಲ್ದಾಣ ಹಿಡಿಯುವ ಭಾಗವನ್ನು ಹೊಗದೆ ನೇರವಾಗಿ ಧ್ವನಿ ಹಿಗ್ಗಿಸುವ ವಾಲ್ವಿಗೆ ಹೋಗುತ್ತದೆ. ಮೊಬೈಲಿನ ಎಡಬಲದ ತಂತಿಗಳನ್ನು ಎರಡು ರೆಸಿಸ್ಟರುಗಳ ಮೂಲಕ ಕೂಡಿಸಿ ಅಲ್ಲಿಗೆ ಕೊಟ್ಟು, ಗಂಗೂಬಾಯಿ ಹಾನಗಲ್ ಅವರ ಧ್ವನಿಮುದ್ರಣವೊಂದನ್ನು ಕೇಳಿದೆ. (ಟ್ರಾನ್ಸ್‌ಫಾರ್ಮರ್ ಇಲ್ಲದೆ ನೇರವಾಗಿ ಮೇನ್ಸ್ ಮೇಲೆ ನಡೆಯುವ ಸೆಟ್ಟುಗಳೂ ಇವೆ, ಅವುಗಳ ಚಾಸಿಯಲ್ಲೇ, ಎಂದರೆ ಒಳಗಿನ ಲೋಹದ ಚೌಕಟ್ಟಿನಲ್ಲೇ, ಕರೆಂಟು ಇರಬಹುದಾದ್ದರಿಂದ ಅಲ್ಲಿ ಈ ಸಾಹಸ ಜೀವಕ್ಕೆ ಅಪಾಯ.) ಅದೇ ವಾಲ್ವು, ಅದೇ ಸ್ಪೀಕರು, ಅದೇ ಮರದ ಪೆಟ್ಟಿಗೆ, ಆದರೆ ಧ್ವನಿ ಮೆತ್ತಗಿರಲಿಲ್ಲ, ತಂಬೂರಿಯ ತಂತಿ ಝಲ್ಲೆನ್ನುತ್ತಿತ್ತು, ಹಿಂದೆ ಮೇನ್ಸಿನ ಗುಂಯ್‌ಗುಡುವಿಕೆಯೂ ಕೇಳುತ್ತಿತ್ತು. ಹಾಗಾದರೆ 765 ಕಿಲೋಹರ್ಟ್ಸ್‌ನಲ್ಲಿ ಧಾರವಾಡ ಆಕಾಶವಾಣಿಯನ್ನು ಕೇಳುವಾಗಿನ ಆ ಮೆದುತನ ಎಲ್ಲಿಯದು? ಮಧ್ಯಮ ತರಂಗಾಂತರದಲ್ಲಿ ನಿಲ್ದಾಣಗಳ ನಡುವಿನ ಅಂತರವೇ 9 ಕಿಲೋಹರ್ಟ್ಸ್. ಪಕ್ಕದ ನಿಲ್ದಾಣ ನುಸುಳಬಾರದೆಂದು ರೇಡಿಯೋದೊಳಗಿನ ಸುರುಳಿಗಳು ನಾಲ್ಕೈದು ಕಿಲೋಹರ್ಟ್ಸ್‌ನ ಮೇಲಿನ ಸ್ವರವನ್ನು ಕತ್ತರಿಸಿಬಿಡುತ್ತವೆ. ನಾವು ವಾಲ್ವಿನ ಗುಣವೆಂದು ಹೊಗಳುತ್ತಿರುವುದರಲ್ಲಿ ಬಹುಪಾಲು ಈ ಕತ್ತರಿಯ ಗುಣ. 1950ರಲ್ಲಿ ಆರಂಭವಾದ ಈ ನಿಲ್ದಾಣವನ್ನು ಇಂಥ ಪೆಟ್ಟಿಗೆಗಳಲ್ಲೇ ಕೇಳಿ ಬೆಳೆದ ಕಿವಿಗಳಿಗೆ ಅದೇ ಸಂಗೀತದ ಸಹಜ ಬಣ್ಣವಾಗಿ ಕೂತಿದೆ.

ವಾಲ್ವಿನ ಪಾಲು ಏನೂ ಇಲ್ಲವೆಂದಲ್ಲ. ಅದು ಧ್ವನಿಯನ್ನು ಹಿಗ್ಗಿಸುವಾಗ ಇಲ್ಲದ ಸ್ವರಗಳನ್ನು ಒಂದಿಷ್ಟು ಸೇರಿಸುತ್ತದೆ. ಮುಖ್ಯವಾಗಿ ಟ್ರಯೋಡ್, ಎಂದರೆ ಕ್ಯಾಥೋಡ್, ಗ್ರಿಡ್, ಪ್ಲೇಟು ಮೂರೇ ಇರುವ ವಾಲ್ವ್, ಸೇರಿಸುವುದು ಎರಡನೆಯ ಹಾರ್ಮೋನಿಕ್ಕನ್ನು, ಎಂದರೆ ಮೂಲ ಸ್ವರದ ಎರಡರಷ್ಟು ಕಂಪನದ ಸ್ವರವನ್ನು. ಮಧ್ಯ ಸಪ್ತಕದ ಷಡ್ಜಕ್ಕೆ ಅದು ತಾರ ಷಡ್ಜ. ಮೂರನೆಯದು ಅದರ ಮೇಲಿನ ಪಂಚಮ; ಐದನೆಯದು ಗಾಂಧಾರ, ಚೆನ್ನಾಗಿ ಜವಾರಿ ಕೂಡಿಸಿದ, ಎಂದರೆ ಕುದುರೆಯ ಮೇಲೆ ತಂತಿಯಡಿ ನೂಲೆಳೆ ಇಟ್ಟು ನಾದ ತುಂಬಿಸಿದ, ತಂಬೂರಿಯಲ್ಲಿ ಯಾರೂ ಮೀಟದೆ ತಾನಾಗಿಯೇ ಕೇಳಿಬರುವ ಗಾಂಧಾರ. ತಪ್ಪೇ ಆದರೂ ರಾಗದ ಮನೆಯೊಳಗಿನ ತಪ್ಪು. ಧ್ವನಿ ಮಿತಿಮೀರಿದಾಗ ವಾಲ್ವ್ ತರಂಗದ ನೆತ್ತಿಯನ್ನು ಮೆಲ್ಲಗೆ ಬಗ್ಗಿಸುತ್ತದೆ, ಸಾಮಾನ್ಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಕೊಡಲಿಯಿಂದ ಕಡಿದಂತೆ ಚಪ್ಪಟೆ ಮಾಡುತ್ತದೆ. ಆಗ ಮೇಲಿನ ಹಾರ್ಮೋನಿಕ್ಕುಗಳು ಹೇರಳವಾಗಿ ಹುಟ್ಟಿ ಕಿವಿಗೆ ಕಟುವಾಗುತ್ತವೆ. ಗಿಟಾರ್ ನುಡಿಸುವವರು ಇಂದಿಗೂ ವಾಲ್ವ್ ಆಂಪ್ಲಿಫೈಯರ್ ಬಿಡದಿರುವುದು ಇದಕ್ಕೇ, ಏಕೆಂದರೆ ಅವರಿಗೆ ಆ ಮಿತಿಮೀರುವಿಕೆಯೇ ವಾದ್ಯದ ಭಾಗ. ಸ್ಲೊವಾಕಿಯಾ, ರಷ್ಯಾ, ಚೀನಾಗಳಲ್ಲಿ ವಾಲ್ವ್ ಕಾರ್ಖಾನೆಗಳು ಇನ್ನೂ ನಡೆಯುತ್ತಿರುವುದಕ್ಕೂ ಅವರೇ ದೊಡ್ಡ ಕಾರಣ. ನಮ್ಮ ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಕೂಡ ಒಂದು ಕಾಲಕ್ಕೆ ರೇಡಿಯೋ ವಾಲ್ವುಗಳನ್ನು ತಯಾರಿಸುತ್ತಿತ್ತು.

ಡಿಜಿಟಲ್ ಯುಗದಲ್ಲಿ ಇದೇನು ಹುಚ್ಚು ಎಂದು ಮಗಳು ನಗುತ್ತಾಳೆ. ಆ ಯುಗವನ್ನು ಹೆತ್ತದ್ದೇ ವಾಲ್ವು: 1946ರ ಎನಿಯಾಕ್ ಗಣಕದಲ್ಲಿ ಸುಮಾರು 18,000 ವಾಲ್ವುಗಳಿದ್ದವು, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕಟ್ಟಿದ ಟಿಫ್ರಾಕ್ ಗಣಕದಲ್ಲಿ 2,700ರಷ್ಟು. ಅವಳು ಚಹಾ ಬಿಸಿ ಮಾಡಿಕೊಳ್ಳುವ ಮೈಕ್ರೋವೇವ್ ಒಲೆಯ ಒಳಗಿರುವ ಮ್ಯಾಗ್ನೆಟ್ರಾನ್ ಕೂಡ ಗಾಳಿ ತೆಗೆದ, ಕಾದ ಕ್ಯಾಥೋಡಿನ ವಾಲ್ವೇ ಎಂದು ಹೇಳಿದ ದಿನ ಅವಳು ಒಲೆಯ ಬಾಗಿಲನ್ನು ಎರಡು ಸಲ ತೆರೆದು ನೋಡಿದಳು.

ನಮ್ಮ ಸೆಟ್ಟಿನ ಹಸಿರು ಕಣ್ಣು ಮಾತ್ರ ಮಂಕಾಗಿದೆ. ನಿಲ್ದಾಣ ಸರಿಯಾಗಿ ಸಿಕ್ಕಾಗ ಅದರ ಎರಡು ಹಸಿರು ಪಟ್ಟಿಗಳು ಒಂದರತ್ತ ಒಂದು ಸರಿದು ನಡುವಿನ ಸಂದು ಕಿರಿದಾಗುತ್ತದೆ. ಒಳಗಿನ ಲೇಪ ಸವೆದಿರುವುದರಿಂದ ಹಗಲಿನಲ್ಲಿ ಅದು ಕಾಣುವುದಿಲ್ಲ. ಹೊಸದನ್ನು ತರಿಸಿಕೊಡುತ್ತೇನೆ ಎಂದು ಹುಬ್ಬಳ್ಳಿಯವರು ಹೇಳಿದರು, ಅವ್ವ ಬೇಡವೆಂದಳು. ಸಂಜೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ಪಡಸಾಲೆಯ ಟ್ಯೂಬ್‌ಲೈಟ್ ಆರಿಸಿ, ಹಲಗೆಯ ಮುಂದೆ ಕುರ್ಚಿ ಎಳೆದುಕೊಂಡು, ಆ ಸಂದು ಮುಚ್ಚುವ ತನಕ ಅವಳೇ ಗುಂಡಿ ತಿರುಗಿಸುತ್ತಾಳೆ.