ನೇರಳೆ ಇಂಕು ಮತ್ತು ಕೊಪ್ಪದ ಮಳೆ

ನನ್ನ ಮೇಜಿನ ಮೇಲೆ ಈಗ ಏಳು ಇಂಕಿನ ಬಾಟಲಿಗಳಿವೆ. ಬರೆಯುವುದು ದಿನಕ್ಕೊಂದು ಪುಟ, ಅಷ್ಟೇ. ಆದರೂ ಹಸಿರು, ಕಂದು, ನೇರಳೆ ಅಂತ ತರುತ್ತಲೇ ಇರುತ್ತೇನೆ. ಹಸಿರಿನಲ್ಲಿ ಸಹಿ ಹಾಕಿದರೆ ಅಮ್ಮ "ಯಾವಾಗ ಗೆಜೆಟೆಡ್ ಆಫೀಸರ್ ಆದೆ ಮಾರಾಯ?" ಅನ್ನುತ್ತಾರೆ. ಇರಲಿ, ನನಗೆ ಇಷ್ಟ ನೇರಳೆ.

ಈ ನೇರಳೆಯೇ ಕೈಕೊಟ್ಟಿತು. ಕಳೆದ ಜುಲೈನಲ್ಲಿ ಕೊಪ್ಪದಿಂದ ಚಿಕ್ಕಮಗಳೂರಿಗೆ ಬರುವಾಗ ಬಸ್ಸಿನ ಕಿಟಕಿ ಸರಿಯಾಗಿ ಮುಚ್ಚುತ್ತಿರಲಿಲ್ಲ, ಬಾಳೆಹೊನ್ನೂರು ದಾಟುವಷ್ಟರಲ್ಲಿ ಚೀಲದೊಳಗೆ ನೀರು, ಮನೆಗೆ ಬಂದು ಡೈರಿ ಬಿಡಿಸಿದರೆ ಎರಡು ತಿಂಗಳ ಬರಹ ಕಲಸಿ ಹೋಗಿ ಪುಟಪುಟವೂ ನೇರಳೆಹಣ್ಣು ತಿಂದ ನಾಲಿಗೆಯ ಹಾಗಾಗಿತ್ತು. ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಗೀಚಿದ್ದ ಯಾರದೋ ಫೋನ್ ನಂಬರ್ ಮಾತ್ರ ಹಾಗೇ ಇತ್ತು. ಯಾರದು ಅಂತ ಇವತ್ತಿಗೂ ಗೊತ್ತಿಲ್ಲ.

ಅದೇ ಮಳೆಗಾಲದಲ್ಲಿ ಅಟ್ಟ ಸೋರಿ ಅಜ್ಜನ ಲೆಕ್ಕದ ಪುಸ್ತಕವೂ ನೆನೆದಿತ್ತು. ಹಾಳೆ ತುಂಬ ಕಂದು ಕಲೆ. ಆದರೆ ಅಡಿಕೆ ಕೊಯ್ದವರ ಕೂಲಿ, ದಿನ, ಹೆಸರು ಎಲ್ಲ ಓದಬಹುದು! ಬಣ್ಣ ನೋಡಿದರೆ ಅದು ಹಳೆಯ ಬ್ಲೂ-ಬ್ಲ್ಯಾಕ್ ಇರಬೇಕು. ಆ ಜಾತಿಯ ಇಂಕಿನಲ್ಲಿ ಅನ್ನಭೇದಿ, ಅಂದರೆ ಕಬ್ಬಿಣದ ಉಪ್ಪು, ಜೊತೆಗೆ ಮರದ ಗಂಟುಗಳಿಂದ ತೆಗೆದ ಒಗರು ಇರುತ್ತದೆ. ಬರೆಯುವಾಗ ಕಾಣಲಿ ಅಂತ ಸ್ವಲ್ಪ ನೀಲಿ ಬಣ್ಣ ಸೇರಿಸಿರುತ್ತಾರೆ. ಕಾಗದದ ಮೇಲೆ ಗಾಳಿ ತಾಗಿದ ಮೇಲೆ ಕಬ್ಬಿಣ ಕಪ್ಪಾಗಿ ನಾರಿನೊಳಗೇ ಕೂತುಬಿಡುತ್ತದೆ. ನೀಲಿ ತೊಳೆದು ಹೋದರೂ ಕಪ್ಪು ಉಳಿಯುತ್ತದೆ. ನಮ್ಮ ಚಂದದ ಬಣ್ಣದ ಇಂಕುಗಳು ಜಾಸ್ತಿ ಪಾಲು ನೀರಿನಲ್ಲಿ ಕರಗಿದ ಬಣ್ಣ ಅಷ್ಟೇ. ನೀರಿನಿಂದ ಬಂದದ್ದು ನೀರಿಗೆ ಹೋಗುತ್ತದೆ, ಅದರಲ್ಲಿ ಅದರ ತಪ್ಪೇನೂ ಇಲ್ಲ ಅಲ್ವಾ.

ಹಾಗಂತ ಕಬ್ಬಿಣದ ಇಂಕು ತುಂಬಿ ಪೆನ್ನನ್ನು ತಿಂಗಳುಗಟ್ಟಲೆ ಮರೆಯಬಾರದು. ಅದಕ್ಕೆ ಹುಳಿ ಗುಣ, ಸ್ಟೀಲ್ ನಿಬ್ಬನ್ನು ತಿನ್ನುತ್ತದೆ, ಒಣಗಿದರೆ ನಿಬ್ಬಿನ ಕೆಳಗಿನ ನಾಲಿಗೆಯಲ್ಲಿ ಕಟ್ಟಿಕೊಳ್ಳುತ್ತದೆ. ಆಗಾಗ ತಣ್ಣೀರಿನಲ್ಲಿ ತೊಳೆಯಬೇಕು. ಚಿತ್ರ ಬರೆಯುವ ಇಂಡಿಯನ್ ಇಂಕ್ ಅಂತೂ ಹಾಕಲೇಬಾರದು, ಅದರಲ್ಲಿ ಅರಗು ಇರುತ್ತದೆ, ನಾನು ಪಿಯುಸಿಯಲ್ಲಿ ಒಂದು ಪೆನ್ನನ್ನು ಹೀಗೇ ಕೊಂದಿದ್ದೇನೆ. ಎಷ್ಟು ತೊಳೆದರೂ ಹೋಗದ ಇಂಕೇ ಬೇಕಿದ್ದರೆ 1962ರಿಂದ ಮತದಾರರ ಬೆರಳಿಗೆ ಹಚ್ಚುವ ಮೈಸೂರಿನ ಶಾಯಿ ಇದೆ, ಆದರೆ ಅದರಲ್ಲಿರುವುದು ಸಿಲ್ವರ್ ನೈಟ್ರೇಟ್. ಪೆನ್ನಿಗಲ್ಲ.

ಮಲೆನಾಡಿನಲ್ಲಿ ಇನ್ನೊಂದು ಕಾಟ ಬೂಷ್ಟು. ಪೆನ್ನಿನಲ್ಲಿ ಉಳಿದ ಇಂಕನ್ನು ಸುಮ್ನೆ ಚೆಲ್ಲುವುದೇಕೆ ಅಂತ ಬಾಟಲಿಗೆ ವಾಪಸ್ ಸುರಿದಿದ್ದೆ. ಆಗಸ್ಟ್‌ನಲ್ಲಿ ಮುಚ್ಚಳ ತೆಗೆದರೆ ಕಂದು ಇಂಕಿನ ಮೇಲೆ ಹಾಲಿನ ಕೆನೆಯ ಹಾಗೆ ಏನೋ ತೇಲುತ್ತಿತ್ತು, ವಾಸನೆ ಬೇರೆ. ಪೂರ್ತಿ ಬಾಟಲಿ ಚೆಲ್ಲಿದೆ. ಜಿಪುಣತನಕ್ಕೆ ದಂಡ.

ಈಗ ವಿಳಾಸ, ಬ್ಯಾಂಕಿನ ಫಾರಂ, ಲೆಕ್ಕ ಎಲ್ಲ ಬ್ಲೂ-ಬ್ಲ್ಯಾಕ್‌ನಲ್ಲಿ. ನೇರಳೆ ನನ್ನ ಹಾಳುಹರಟೆಗೆ ಮಾತ್ರ. ಡೈರಿ ಪ್ಲಾಸ್ಟಿಕ್ ಕವರಿನಲ್ಲಿ ಓಡಾಡುತ್ತದೆ. ಆದರೂ ಮೊನ್ನೆ ಅವಸರದಲ್ಲಿ ಅಮ್ಮನ ಸಾಮಾನಿನ ಪಟ್ಟಿಯನ್ನು ಕೈಗೆ ಸಿಕ್ಕ ನೇರಳೆ ಪೆನ್ನಿನಲ್ಲೇ ಬರೆದುಕೊಂಡು ಹೋಗಿದ್ದೆ, ಅಂಗಡಿ ಮುಟ್ಟುವಷ್ಟರಲ್ಲಿ ಮಳೆ ಹಿಡಿಯಿತು, ಜೇಬಿನಿಂದ ಚೀಟಿ ತೆಗೆದರೆ ಮೇಲಿನ ಎರಡು ಸಾಲು ಬಿಟ್ಟು ಉಳಿದದ್ದೆಲ್ಲ ಮೋಡ. ನೆನಪಿದ್ದಷ್ಟು ತಂದೆ. ಉದ್ದಿನಬೇಳೆ ನೆನಪಾಗಲಿಲ್ಲ.

"ನಾಳೆ ದೋಸೆ ಇಲ್ಲ" ಅಂದರು ಅಮ್ಮ.