ಗೋಡೆಯೊಳಗಿನ ಜಂತಿ ತುದಿ

ಹೋದ ಮಳೆಗಾಲದ ಮಾತು. ವಿಜಯಪುರ ಜಿಲ್ಲೆಯ ಒಂದು ದೇಸಾಯರ ವಾಡೆಯನ್ನು ಆಫೀಸ್ ಮಾಡುವ ಕೆಲಸ. ಊರವರಿಗೆ ಅದು ಅರಮನೆ. ನಾನು ಸೈಟ್ ಇಂಜಿನಿಯರ್.

ಮೇಲಿನ ಪಡಸಾಲೆಯಲ್ಲಿ ರೆಕಾರ್ಡ್ ರೂಮ್ ಬೇಕು ಅಂತ ಮಾಲೀಕರ ಕಡೆಯವರು ಹಟ ಹಿಡಿದರು. ನನಗೆ ಅಳುಕಿತ್ತು. ಕಟ್ಟಡ ಎಷ್ಟು ಭಾರ ಹೊರಬೇಕು ಅಂತ ಹೇಳುವ ಐಎಸ್ 875 ಮಾನದಂಡದ ಪ್ರಕಾರ ವಾಸದ ಕೋಣೆಗೆ ಚದರ ಮೀಟರಿಗೆ ಸುಮಾರು 200 ಕಿಲೋ ಹಿಡಿದರೆ ಸಾಕು, ಫೈಲ್ ಇಡುವ ಕೋಣೆಗೆ 500 ಹಿಡಿಯಬೇಕು. ಆದರೆ ಮೀಟಿಂಗಿನಲ್ಲಿ ಒಬ್ಬರು, 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಯಪುರಕ್ಕೆ ಬಂದಾಗ ಆದಿಲ್‌ಶಾಹಿ ಮಹಲುಗಳಲ್ಲೇ ಕಚೇರಿ ನಡೆದವು, ಇಲ್ಲೇಕೆ ಆಗದು ಅಂದರು. ಆ ಪಡಸಾಲೆಯನ್ನು ಹೊತ್ತದ್ದು ಹನ್ನೊಂದು ಸಾಗವಾನಿ ಜಂತಿ, ಒಂದೊಂದೂ ದಪ್ಪ. ಲೆಕ್ಕ ಹಾಕಿದೆ, ಪಾಸಾಯಿತು. ಸುತ್ತಿಗೆಯಿಂದ ಬಡಿದು ನೋಡಿದೆ, ಗಟ್ಟಿ ಸಪ್ಪಳ.

ಗೌಂಡಿ ಕಾಕಾ ಅಲ್ಲೇ ನಿಂತಿದ್ದರು. "ಸಾಹೇಬ್ರ, ನಡುವ ಬಡದ್ರ ಏನ್ ತಿಳೀತದ? ಗ್ವಾಡಿಯೊಳಗಿನ ತುದಿ ನೋಡ್ರಿ" ಅಂದರು. ನೋಡಬೇಕಾದರೆ ಜಂತಿಯ ತುದಿ ಗೋಡೆಯೊಳಗೆ ಕೂರುವ ಪ್ರತಿ ಗೂಡನ್ನೂ ಬಿಡಿಸಬೇಕು. ಎಸ್ಟಿಮೇಟಿನಲ್ಲಿ ಆ ಐಟಂ ಇರಲಿಲ್ಲ, ಉದ್ಘಾಟನೆ ತಾರೀಖು ಆಗಲೇ ಗೊತ್ತಾಗಿತ್ತು. ಆಮೇಲೆ ನೋಡೋಣ ಕಾಕಾ ಅಂದುಬಿಟ್ಟೆ.

ಶನಿವಾರ ಮಧ್ಯಾಹ್ನ ಮೂರನೇ ಕಾಂಪ್ಯಾಕ್ಟರ್‌ಗೆ, ಅಂದರೆ ಸರಿಸುವ ಕಬ್ಬಿಣದ ಕಪಾಟಿಗೆ, ಫೈಲ್ ತುಂಬುತ್ತಿದ್ದರು. ಕೆಳಗಿನ ಪಡಸಾಲೆಯಲ್ಲಿ ಐದು ಜನ ಹೆಣ್ಣಾಳುಗಳು ಬುತ್ತಿ ಬಿಚ್ಚಿ ಕೂತಿದ್ದರು. ಟಕ್ ಅಂತ ಸಪ್ಪಳವಾಯಿತು. ರೊಟ್ಟಿಯ ಮೇಲೆ ಸಣ್ಣಗೆ ಮಣ್ಣು ಉದುರಿತು. ಪಕ್ಕದ ಕೋಣೆಯಲ್ಲಿ ಎಲೆಕ್ಟ್ರಿಷಿಯನ್ ಡ್ರಿಲ್ ಹಾಕುತ್ತಿದ್ದ. ಅದರ ಅದುರು ಅಂದುಕೊಂಡೆ. ಹೋಗಿ ನಿಲ್ಲಿಸು ಅಂತ ಹೇಳಿ ಬಂದೆ. ಎರಡು ನಿಮಿಷವಾದರೂ ಆಗಿರಬೇಕು. ಆ ಎರಡು ನಿಮಿಷ ಅವರು ಅದೇ ಜಂತಿಯ ಕೆಳಗೆ ಕೂತಿದ್ದರು. ಇದನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ಡ್ರಿಲ್ ನಿಂತ ಮೇಲೂ ಸಪ್ಪಳ ಬಂತು. ಕಾಕಾ "ಏಳ್ರಿ ಎಲ್ಲಾರೂ!" ಅಂತ ಕೂಗಿದರು. ಹೆಣ್ಣುಮಕ್ಕಳು ಬುತ್ತಿ ಅಲ್ಲೇ ಬಿಟ್ಟು ಅಂಗಳಕ್ಕೆ ಓಡಿದರು. ಮೇಲೆ ಇಬ್ಬರು ಹುಡುಗರಿದ್ದರು. ಓಡಬೇಡ್ರಪ್ಪಾ, ಗೋಡೆ ಹಿಡಿದು ಮೆಲ್ಲಗೆ ಬನ್ನಿ ಅಂತ ಕೂಗಿದೆ. ಅವರು ಮೆಟ್ಟಿಲು ಮುಟ್ಟುವವರೆಗೆ ನನಗೆ ಉಸಿರಾಡಿದ ನೆನಪಿಲ್ಲ. ಆಮೇಲೆ ಕಾಕಾ ಮತ್ತು ನಾನು ಅಂಚಿನಿಂದ ಜಂತಿಗಳಿಗೆ ಒಂದೊಂದೇ ಪ್ರಾಪ್ (ಆಸರೆ ಕಂಬ) ಕೊಡುತ್ತಾ ಒಳಗೆ ಹೋದೆವು. ಎಲ್ಲಾ ಬಿಗಿಯಾಗಲು ನಲವತ್ತು ನಿಮಿಷ ಬೇಕಾಯಿತು.

ಸೋಮವಾರ ಗೂಡು ಬಿಡಿಸಿದೆವು. ಹೊರಗೆ ಕಾಣುವ ಜಂತಿ ಕಬ್ಬಿಣದಂತಿದೆ. ಒಳಗಿನ ತುದಿಗೆ ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೆ ಇಳಿಯಿತು. ಹಿಂದೆ ಯಾರೋ ಹೊರಗೋಡೆಯ ಸುಣ್ಣದ ಗಚ್ಚು ಕಿತ್ತು ಸಿಮೆಂಟ್ ಗಿಲಾವು ಮಾಡಿದ್ದರು. ಮಾಳಿಗೆ ನೀರಿನ ಪೈಪು ಸೋರಿ ಗೋಡೆಗೆ ಇಳಿದಿತ್ತು. ಸುಣ್ಣವಾಗಿದ್ದರೆ ತೇವ ಹೊರಗೆ ಆರುತ್ತಿತ್ತು. ಸಿಮೆಂಟ್ ಅದನ್ನು ಒಳಗೇ ಹಿಡಿದಿಟ್ಟಿತು, ಮರ ಅದನ್ನು ಕುಡಿಯಿತು. ಹನ್ನೊಂದರಲ್ಲಿ ನಾಲ್ಕು ಹೀಗೇ. ನನ್ನ ಲೆಕ್ಕದಲ್ಲಿ ಇಡೀ ಜಂತಿಯೂ ಗಟ್ಟಿ ಅಂತ ಇತ್ತು. ವಿಜಯಪುರದ ಆದಿಲ್‌ಶಾಹಿ ಅರಮನೆ ಗಗನ್ ಮಹಲ್ ಮುಂದೆ ದಿನಾ ಓಡಾಡುತ್ತೇನೆ. ಅಲ್ಲಿ ಮರದ ಮಾಳಿಗೆ ಹೋಗಿ ಕಲ್ಲಿನ ಕಮಾನುಗಳು ಮಾತ್ರ ನಿಂತಿವೆ. ಅಷ್ಟು ನೋಡಿಯೂ ಮರದ ಬಗ್ಗೆ ನಾನು ಜಾಸ್ತಿ ಯೋಚಿಸಲಿಲ್ಲ.

ಕೊಳೆತ ತುದಿ ಕತ್ತರಿಸಿ ಹೊಸ ಸಾಗವಾನಿ ಜೋಡಿಸಿ, ಸ್ಟೀಲ್ ಪ್ಲೇಟ್ ಬೋಲ್ಟ್ ಹಾಕಿದೆವು. ಗೂಡಿನಲ್ಲಿ ಗಾಳಿಗೆ ಜಾಗ ಬಿಟ್ಟೆವು. ಸಿಮೆಂಟ್ ಕೆತ್ತಿ ಮತ್ತೆ ಸುಣ್ಣ ಬಳಸಿದೆವು. ಫೈಲುಗಳು ಕೆಳಗಿನ ಕೋಣೆಗೆ ಬಂದವು. ಉದ್ಘಾಟನೆ ಮೂರು ತಿಂಗಳು ತಡವಾಯಿತು, ಅದಕ್ಕೆ ನನ್ನಿಂದ ಪತ್ರದಲ್ಲಿ ಕಾರಣ ಕೇಳಿದರು. ಎಸ್ಟಿಮೇಟಿನಲ್ಲಿ ಗೂಡು ಬಿಡಿಸುವ ಖರ್ಚು ಸೇರಿಸದವರನ್ನು ಯಾರೂ ಕೇಳಲಿಲ್ಲ. ಗೂಡು ಬಿಡಿಸಲೇಬೇಕು ಅಂತ ನಾನೂ ಆ ದಿನ ಬರವಣಿಗೆಯಲ್ಲಿ ಕೊಟ್ಟಿರಲಿಲ್ಲ ಅನ್ನೋದು ನಿಜ. ಈಗ ಎಲ್ಲಿ ಹೋದರೂ ತುದಿ ನೋಡದೆ ಸಹಿ ಹಾಕುವುದಿಲ್ಲ.

ಕೆಲಸ ಮುಗಿಯುವವರೆಗೂ ಆ ಹೆಣ್ಣುಮಕ್ಕಳು ಊಟಕ್ಕೆ ಪಡಸಾಲೆಗೆ ಬರಲಿಲ್ಲ. ಬಿಸಿಲಿದ್ದರೂ ಬೇವಿನ ಗಿಡದ ಕೆಳಗೇ ಕೂರುತ್ತಿದ್ದರು. ಒಳಗೆ ಬನ್ನಿ ಅಂತ ನಾನೂ ಕರೆಯಲಿಲ್ಲ.